ರಾಗಿ ದಿಂಬು

ದುಬೈ
೧೪ ಮೇ ೨೦೨೫, ಬೆಳಿಗ್ಗೆ

ನಯನ,

ಸುಖವಾಗಿ ಇಳಿದೆ. ಈ ಊರಲ್ಲಿ ವಾಟ್ಸಾಪಿನಲ್ಲಿ ಮಾತಾಡಲು ಬರುವುದಿಲ್ಲವಂತೆ, ಬರೆಯಬಹುದು. ನನ್ನ ಸಿಮ್ ಇಲ್ಲಿ ನಡೆಯದು, ಅದೂ ವೈಫೈ ಸಿಕ್ಕ ಕಡೆ ಮಾತ್ರ. ಹಾಗಾಗಿ ಹಳೇ ಕಾಲದವರ ಹಾಗೆ ಫೋನಿನಲ್ಲೇ ಕಾಗದ ಬರೆಯುವುದೇ ಗತಿ. ಅತ್ತೆಗೆ ಓದಿ ಹೇಳು. ನಿಮ್ಮಣ್ಣನಿಗೆ ಬೇರೆ ಎರಡು ಸಾಲು ಹಾಕಿದ್ದೇನೆ, ಫ್ಯಾಕ್ಟರಿಯಲ್ಲಿ ಅವರಿಗೆ ಫೋನು ಕೈಗೆ ಸಿಗುವುದೇ ಊಟದ ಹೊತ್ತಿಗೆ.

ಡಬ್ಲಿನ್ನಿನ ವಿಮಾನ ನಾಳೆ ಬೆಳಿಗ್ಗೆ. ಅಲ್ಲಿಯವರೆಗೆ ಒಂದು ಇಡೀ ಹಗಲು ನನ್ನದು. ಒಂದು ದಿನದ ವೀಸಾ, ಒಂದು ಪುಟ್ಟ ರೂಮು ಎಲ್ಲ ಟಿಕೆಟ್ಟಿನ ಜೊತೆಗೇ ಸಿಕ್ಕಿದೆ. ದೊಡ್ಡ ಸೂಟ್‌ಕೇಸುಗಳು ನೇರ ಡಬ್ಲಿನ್ನಿಗೆ ಹೋಗುತ್ತವೆ. ನನ್ನ ಹತ್ತಿರ ಇರುವುದು ಹೆಗಲ ಬ್ಯಾಗು ಒಂದೇ. ಅದರಲ್ಲಿ ಪಾಸ್‌ಪೋರ್ಟು, ಅತ್ತೆ ಕೊಟ್ಟ ಬಾಣಂತಿ ಉಂಡೆಯ ಸ್ಟೀಲ್ ಡಬ್ಬ, ಮಗುವಿನ ತಲೆಗೆಂದು ನೀನು ಹೊಲಿದ ರಾಗಿ ದಿಂಬು. ವಿಮಾನದಲ್ಲಿ ಆ ದಿಂಬಿಗೆ ತಲೆ ಕೊಟ್ಟವಳಿಗೆ ಎಂಥ ನಿದ್ದೆ ಬಂತೆಂದರೆ, ಇಳಿಯುವಾಗ ಪಕ್ಕದವರು ಎಬ್ಬಿಸಬೇಕಾಯಿತು.

ಒಂದು ಮಾತು ಹೇಳಬೇಕು. ನಿನ್ನ ತಂಗಿ ಪ್ರಿಯಾಂಕಳ ಬಾಣಂತನಕ್ಕೆ ನೀನು ಹೋಗಬೇಕಿತ್ತು, ನಾನು ಹೊರಟೆ. ಅದು ನಿನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಗೊತ್ತು. ಕಾಲೇಜಿಗೆ ರಜೆ, ಇಂಗ್ಲಿಷ್ ಬರುತ್ತದೆ, ಪಾಸ್‌ಪೋರ್ಟಿದೆ ಎಂದು ಮನೆಯವರೆಲ್ಲ ಸೇರಿ ಹೊರಡಿಸಿದರು. ನಾನಾಗಿ ಕೇಳಿದ್ದಲ್ಲ. ಮೊನ್ನೆ ಬುದ್ಧ ಪೂರ್ಣಿಮೆಯ ಪಾಯಸಕ್ಕೆ ತಂದು ಮಿಕ್ಕಿದ್ದ ಗಸಗಸೆಯನ್ನು ನೀನು ಪ್ರಿಯಾಂಕಳಿಗೆಂದು ಪೊಟ್ಟಣ ಕಟ್ಟಿ ತಂದೆ. ತೂಕ ಜಾಸ್ತಿಯಾಯಿತೆಂದು ನಾನು ಅದನ್ನು ನಿನ್ನ ಕೈಗೇ ವಾಪಸ್ಸಿಟ್ಟೆ. ಪೊಟ್ಟಣ ಹಿಡಿದುಕೊಂಡು ಒಳಗೆ ಹೋದೆ ನೀನು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಹೋಟೆಲಿನ ಹತ್ತಿರವೇ ದೊಡ್ಡ ಮಸಾಲೆ ಬಜಾರು ಇದೆಯಂತೆ. ಅಲ್ಲಿ ನಾನೇ ಗಸಗಸೆ ಕೊಂಡು, ನಯನ ಕಳಿಸಿದ್ದು ಎಂದು ಅವಳ ಕೈಗೆ ಕೊಡುತ್ತೇನೆ. ಇನ್ನಾದರೂ ಮುಖ ಊದಿಸಿಕೊಂಡಿರಬೇಡ.

ಸ್ನಾನ ಮಾಡಿ ಊರು ನೋಡಲು ಹೊರಟೆ.

ನಿನ್ನ ಅತ್ತಿಗೆ
ಮಂಜುಶ್ರೀ


ಮಳವಳ್ಳಿ
೧೪ ಮೇ ೨೦೨೫, ಮಧ್ಯಾಹ್ನಕ್ಕೆ ಮುಂಚೆ

ಅತ್ತಿಗೆಗೆ ನಮಸ್ಕಾರ.

ಅಂಗಡಿ ಬಾಗಿಲು ತೆಗೆದು ಹೊಲಿಗೆ ಮಿಷಿನ್ನಿನ ಮುಂದೆ ಕೂತಾಗ ನಿಮ್ಮ ಕಾಗದ ಬಂತು. ನೀವು ಹೊರಗೆ ಹೋಗುವುದು ಬೇಡ ಅಂತ ನನಗನ್ನಿಸುತ್ತದೆ. ಅಲ್ಲಿ ಈಗ ಬಿಸಿಲು ಬೆಂಕಿಯ ಹಾಗಿರುತ್ತದಂತೆ. ಪಕ್ಕದ ಮೊಬೈಲ್ ಅಂಗಡಿ ಯಾಸೀನ್ ಆ ಊರಲ್ಲಿ ನಾಲ್ಕೈದು ವರ್ಷ ದುಡಿದು ಬಂದವನು. ಕಾನೂನು ಬಲು ಬಿಗಿ, ಒಂಟಿ ಹೆಂಗಸು ಸುಮ್ಮನೆ ರೂಮಲ್ಲಿರುವುದೇ ಒಳ್ಳೆಯದು ಎನ್ನುತ್ತಾನೆ. ಬಜಾರಿಗಂತೂ ಹೋಗಲೇಬೇಡಿ. ಗಸಗಸೆ ಈಗ ಯಾರಿಗೆ ಬೇಕು?

ಇನ್ನೊಂದು ವಿಷಯ. ಆ ದಿಂಬು ಹೊಲಿಯುವಾಗ ಒಂದು ಸೂಜಿ ಒಳಗೇ ಉಳಿದುಬಿಟ್ಟಿದೆ. ಈಗ ನೆನಪಾಯಿತು. ಎಳೆ ಕೂಸಿನ ತಲೆ, ಚುಚ್ಚಿದರೆ ಏನು ಗತಿ? ಬಿಚ್ಚಲು ಹೋಗಬೇಡಿ, ಹಾಗೇ ರೂಮಿನ ಕಸದ ಬುಟ್ಟಿಗೆ ಹಾಕಿಬಿಡಿ. ಮಗುವಿಗೆ ಬೇರೆ ಹೊಲಿದು ಕಳಿಸುತ್ತೇನೆ. ಹಾಕಿದ ಕೂಡಲೇ ಹಾಕಿದೆ ಅಂತ ಒಂದು ಪದ ಬರೆಯಿರಿ. ಮರೆಯಬೇಡಿ.

ಅವ್ವ ಚೆನ್ನಾಗಿದ್ದಾಳೆ.

ನಯನ


ದುಬೈ
೧೪ ಮೇ ೨೦೨೫, ಮಧ್ಯಾಹ್ನ

ನಯನ,

ಒಂದು ಚಹಾದ ಅಂಗಡಿಯಲ್ಲಿ ಕೂತಿದ್ದೇನೆ. ಇಲ್ಲಿ ವೈಫೈ ಉಂಟು ಎಂದು ಗಾಜಿಗೆ ಅಂಟಿಸಿದ್ದರು, ನಿನ್ನ ಕಾಗದ ಈಗ ಓದಿದೆ. ಓದಿ ಮೈ ಉರಿಯಿತು. ಮುಚ್ಚಿಟ್ಟುಕೊಂಡು ಏನಾಗಬೇಕು?

ಸೂಜಿಯಂತೆ. ಮಳವಳ್ಳಿಯ ಅರ್ಧ ಹೆಣ್ಣುಮಕ್ಕಳ ರವಿಕೆ ಹೊಲಿಯುವವಳು ನೀನು. ಹೊಲಿದಾದ ಮೇಲೆ ಬಟ್ಟೆಯನ್ನು ಎರಡು ಸಲ ಹಿಂಡಿ ನೋಡಿ ಕೊಡುತ್ತೀಯ. ಸೂಜಿ ಒಳಗಿದ್ದರೆ ಬೆಂಗಳೂರಿನ ಏರ್‌ಪೋರ್ಟಿನ ಮಿಷಿನ್ನು ನನ್ನನ್ನು ಬಿಡುತ್ತಿತ್ತೇ? ಎರಡು ಕಡೆ ಚೆಕಿಂಗ್ ಆಗಿದೆ, ಯಾರೂ ಕೇಳಲಿಲ್ಲ. ನಿಜ ಏನೆಂದು ನಾನೇ ಹೇಳುತ್ತೇನೆ ಕೇಳು. ನಿನ್ನ ಕೈಯ ದಿಂಬು ನನ್ನ ಕೈಯಿಂದ ಮಗುವಿಗೆ ಸೇರುವುದು ನಿನಗೆ ಬೇಡ. ನಾನು ನಾಲ್ಕು ಹೆಜ್ಜೆ ಓಡಾಡಿ ಊರು ನೋಡುವುದೂ ಬೇಡ. ರೂಮಲ್ಲಿ ಬಾಗಿಲು ಹಾಕಿಕೊಂಡು ಕೂರು, ಬಿಸಿಲು, ಕಾನೂನು. ಇಷ್ಟು ಹೊಟ್ಟೆಯುರಿ ಇದೆ ಎಂದು ಅಂದುಕೊಂಡಿರಲಿಲ್ಲ.

ಬಿಸಿಲು ಹೌದು. ಆದರೆ ಗಲ್ಲಿಗಳಿಗೆಲ್ಲ ಮೇಲೆ ಮರದ ಚಪ್ಪರ ಹಾಕಿದ್ದಾರೆ. ಅಂಗಡಿಗಳ ಮುಂದೆ ಮೂಟೆ ಬಾಯಿ ಬಿಚ್ಚಿಟ್ಟು ಒಣಗಿದ ನಿಂಬೆಕಾಯಿ, ಗುಲಾಬಿ ಮೊಗ್ಗು, ಕೇಸರಿ ಮಾರುತ್ತಾರೆ. ಎದುರಿಗೆ ಸಮುದ್ರದ ಒಂದು ಸೀಳು ಊರೊಳಗೇ ನುಗ್ಗಿದೆ. ಚಿಲ್ಲರೆ ಕೊಟ್ಟರೆ ಮರದ ದೋಣಿಯಲ್ಲಿ ಆಚೆ ದಡಕ್ಕೆ ಬಿಡುತ್ತಾರೆ. ದೋಣಿಯ ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಎಲ್ಲ ದೇಶದವರೂ ಕೂರುತ್ತಾರೆ, ಯಾರೂ ಯಾರನ್ನೂ ಯಾವೂರು, ಯಾರ ಪೈಕಿ ಎಂದು ಕೇಳುವುದಿಲ್ಲ. ನನಗೆ ಹಿಡಿಸಿತು.

ನಾನು ಮಾಡುವುದು ಇಷ್ಟು. ಮೊದಲು ಬಜಾರಿನಲ್ಲಿ ಗಸಗಸೆ ಕೇಳುತ್ತೇನೆ. ಆಮೇಲೆ ದೋಣಿ ಹತ್ತಿ ಆಚೆ ದಡಕ್ಕೆ. ಅಲ್ಲಿ ಬಟ್ಟೆ ಅಂಗಡಿಗಳ ಸಾಲು, ದರ್ಜಿಗಳೂ ಇದ್ದಾರಂತೆ. ಒಬ್ಬನ ಹತ್ತಿರ ದಿಂಬು ಬಿಚ್ಚಿಸಿ ನೋಡುತ್ತೇನೆ. ಸೂಜಿ ಸಿಕ್ಕರೆ ನಿನ್ನ ಕಾಲು ಹಿಡಿಯುತ್ತೇನೆ. ಸಿಗದಿದ್ದರೆ ನೀನು ನನ್ನ ಹತ್ತಿರ ಮಾತಾಡುವುದು ಬಹಳ ಇದೆ.

ಮಂಜುಶ್ರೀ


ಮಳವಳ್ಳಿ
೧೪ ಮೇ ೨೦೨೫, ಮಧ್ಯಾಹ್ನ

ಅತ್ತಿಗೆ, ದರ್ಜಿಯ ಹತ್ತಿರ ಹೋಗಬೇಡಿ. ದಿಂಬನ್ನು ಯಾರ ಕೈಗೂ ಕೊಡಬೇಡಿ. ಗಸಗಸೆ ಅಂತ ಯಾರನ್ನೂ ಕೇಳಬೇಡಿ.

ಸೂಜಿ ಸುಳ್ಳು. ದಿಂಬಿನಲ್ಲಿ ರಾಗಿಯ ನಡುವೆ ಒಂದು ಬಟ್ಟೆ ಚೀಲ ಇದೆ. ಅದರಲ್ಲಿ ಗಸಗಸೆ ಇದೆ. ನೀವು ವಾಪಸ್ ಕೊಟ್ಟ ಅದೇ ಗಸಗಸೆ.

ನೀವು ಕೊಟ್ಟ ಮೇಲೆ ನನಗೆ ಬಹಳ ನೋವಾಯಿತು. ಪ್ರಿಯಾಂಕ ಫೋನಿನಲ್ಲಿ, ಏನೂ ಬೇಡ ಕಣಕ್ಕ, ನಿನ್ನ ಕೈಯ ಗಸಗಸೆ ಪಾಯಸ ಕುಡಿಯಬೇಕು ಅಂತ ಅತ್ತಿದ್ದಳು. ನಾನಂತೂ ಹೋಗಲಿಲ್ಲ, ಗಸಗಸೆಯಾದರೂ ಹೋಗಲಿ ಅಂತ ದಿಂಬಿನ ಒಂದು ಮೂಲೆ ಬಿಚ್ಚಿ ಒಳಗಿಟ್ಟು ಹೊಲಿದುಬಿಟ್ಟೆ. ದಿಂಬಾದರೆ ನೀವು ಬೇಡ ಅನ್ನುವುದಿಲ್ಲ ಅಂತ ಗೊತ್ತಿತ್ತು. ಅವಳಿಗೆ ಮಾತ್ರ ಹೇಳಿದ್ದೆ.

ಬೆಳಿಗ್ಗೆ ಇದನ್ನೇ ನಗುನಗುತ್ತಾ ಯಾಸೀನನಿಗೆ ಹೇಳಿದೆ. ಅವನು ನಗಲಿಲ್ಲ. ‘ಅಕ್ಕೋ, ಎಂಥ ಕೆಲ್ಸ ಮಾಡ್ಬುಟ್ರಿ? ಅಲ್ಲಿ ಗಸಗಸೆನ ಅಫೀಮು ಲೆಕ್ಕಕ್ಕೆ ಇಡೀತಾರೆ ಕಣಕ್ಕ. ಅಡುಗೆಗೆ ಅಂದ್ರೂ ಬುಡಕ್ಕಿಲ್ಲ. ಅದ್ರಲ್ಲೂ ಮಗೀನ ದಿಂಬಲ್ಲಿ ಬಚ್ಚಿಟ್ಟು ವಲ್ದಿದ್ದೀರಿ, ಯಾರ್ ನಂಬ್ತಾರೆ?’ ಅಂದ. ಅವನ ಜೊತೆ ಕೆಲಸಕ್ಕಿದ್ದ ಒಬ್ಬನನ್ನು ಇದಕ್ಕೇ ಒಳಗೆ ಹಾಕಿದ್ದರಂತೆ. ಬಂದಾಗ ಹೇಗೋ ತಪ್ಪಿದೆ, ವಾಪಸ್ ಏರ್‌ಪೋರ್ಟ್ ಒಳಗೆ ಹೋಗುವಾಗ ಮತ್ತೆ ಚೆಕಿಂಗ್ ಇರುತ್ತದಂತೆ.

ನಿಜ ಬರೆದರೆ ನಿಮ್ಮ ಫೋನು ಯಾರಾದರೂ ನೋಡಿಯಾರು ಅಂತ ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ನೀವು ಏನಂದುಕೊಳ್ಳುತ್ತೀರೋ ಅಂತ ಹೆದರಿದೆ. ಅದಕ್ಕೇ ಸೂಜಿಯ ಕಥೆ ಕಟ್ಟಿದೆ. ಆ ಸುಳ್ಳೇ ನಿಮ್ಮನ್ನು ದರ್ಜಿಯ ಹತ್ತಿರ ಕಳಿಸುತ್ತಿದೆ.

ಮೇಲೆ ಕಳಿಸಿದ ಸಾಲುಗಳಿಗೆ ಒಂದೇ ಟಿಕ್ ಬಿದ್ದಿದೆ. ನಿಮಗೆ ತಲುಪಿಲ್ಲ. ಎಲ್ಲಾದರೂ ವೈಫೈ ಸಿಗಲಿ.

ನಯನ


ಪೂರಿಗಾಲಿ
೧೪ ಮೇ ೨೦೨೫, ಸಂಜೆ

ಅತ್ತಿಗೆ,

ಇನ್ನೂ ಒಂದೇ ಟಿಕ್.

ಅಂಗಡಿ ಮುಚ್ಚಿ ಬಸ್ಸು ಹತ್ತಿ ಭಾರತೀನಗರಕ್ಕೆ ಹೋದೆ, ಅಣ್ಣನಿಗೆ ಹೇಳಿಬಿಡೋಣ ಅಂತ. ನಿಮ್ಮ ಮನೆಯ ಗೇಟಿನ ಹತ್ತಿರ ನಿಂತೆ. ಅಣ್ಣ ಒಳಗೆ ರೇಡಿಯೋ ಹಚ್ಚಿಕೊಂಡು ನಿಮ್ಮ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದ. ಅವನಿಗೆ ಹೇಳಿದರೆ ಅವನು ಅಲ್ಲಿಂದ ಮಾಡುವುದಾದರೂ ಏನು? ಇನ್ನೂ ಏನೂ ಆಗಿಲ್ಲ, ಹೇಳಿದರೆ ಆಗಿಬಿಡುತ್ತದೆ ಅಂತ ಅನ್ನಿಸಿತು. ಗೇಟು ತೆಗೆಯದೆ ಊರಿಗೆ, ಅವ್ವನ ಹತ್ತಿರ ವಾಪಸ್ ಬಂದೆ. ಹೇಡಿ ಅನ್ನಿ, ಒಪ್ಪುತ್ತೇನೆ.

ಅವ್ವ ಎರಡು ಸಲ ಕೇಳಿದಳು, ‘ಮಂಜು ಊರು ನೋಡುದ್ಲಂತಾ?’ ಅಂತ. ನೋಡುತ್ತಿದ್ದಾರೆ ಅಂದೆ. ನಿಮ್ಮ ಮೊದಲನೇ ಕಾಗದವನ್ನೇ ಮತ್ತೆ ಓದಿದೆ, ಹೊಸದು ಅನ್ನುವ ಹಾಗೆ. ನೀವು ದಿಂಬಿನ ಮೇಲೆ ನಿದ್ದೆ ಮಾಡಿದ್ದು ಕೇಳಿ ಅವಳಿಗೆ ನಗು. ನಾನು ಎದ್ದು ಹಿತ್ತಿಲಿಗೆ ಹೋದೆ.

ಬೈಯಲಾದರೂ ಬರೆಯಿರಿ.

ನಯನ


ದುಬೈ
೧೪ ಮೇ ೨೦೨೫, ಸಂಜೆ

ಎಲ್ಲ ಓದಿದೆ. ರೂಮಿನಲ್ಲಿದ್ದೇನೆ. ಇನ್ನು ಈ ವಿಷಯ ಒಂದಕ್ಷರವೂ ಬರೆಯಬೇಡ. ಬರೆದದ್ದನ್ನು ಇಬ್ಬರ ಫೋನಿಂದಲೂ ಅಳಿಸು. ನಾಳೆ ಬೆಳಿಗ್ಗೆ ಚೆಕಿಂಗ್ ದಾಟಿದರೆ ಡಬ್ಲಿನ್ನಿನಿಂದ ಬರೆಯುತ್ತೇನೆ. ದಾಟದಿದ್ದರೆ ನಿಮ್ಮಣ್ಣನಿಗೆ ನೀನೇ ಹೇಳಬೇಕು.


ಪೂರಿಗಾಲಿ
೧೫ ಮೇ ೨೦೨೫, ಸಂಜೆ

ಅತ್ತಿಗೆ,

ನೀವು ಹೇಳಿದ ಹಾಗೆ ಆ ವಿಷಯ ಬರೆಯುವುದಿಲ್ಲ. ಇಲ್ಲಿ ಎಲ್ಲ ಕ್ಷೇಮ. ನಿಮ್ಮ ವಿಮಾನ ಇಳಿದಿರಬೇಕು ಅಂತ ಯಾಸೀನ್ ಫೋನಿನಲ್ಲಿ ನೋಡಿ ಹೇಳಿದ. ವಿಮಾನ ಇಳಿದಿದೆ ಸರಿ, ಅದರಲ್ಲಿ ನೀವಿದ್ದೀರೋ ಇಲ್ಲವೋ ಅವನಿಗೆ ಗೊತ್ತಾಗುವುದಿಲ್ಲವಂತೆ. ಪ್ರಿಯಾಂಕ ಫೋನು ಎತ್ತುತ್ತಿಲ್ಲ.

ಒಂದು ರವಿಕೆಗೆ ತೋಳು ತಿರುಗಾಮುರುಗಾ ಹೊಲಿದೆ. ಬಿಚ್ಚಿ ಹೊಲಿದೆ, ಮತ್ತೆ ಹಾಗೇ ಆಯಿತು. ಅಂಗಡಿ ಮುಚ್ಚಿಕೊಂಡು ಬಂದೆ.

ನಯನ


ಡಬ್ಲಿನ್
೧೬ ಮೇ ೨೦೨೫

ನಯನ,

ತಲುಪಿದ್ದೇನೆ. ನಿನ್ನೆಯೇ ಬರೆಯಬಹುದಿತ್ತು. ಪ್ರಿಯಾಂಕಳಿಗೂ ಫೋನು ಎತ್ತಬೇಡ ಎಂದಿದ್ದೆ. ಒಂದು ದಿನ ನೀನೂ ಬೇಯಲಿ ಎಂದು ಬೇಕಂತಲೇ ಸುಮ್ಮನಿದ್ದೆ. ತಪ್ಪೆನಿಸಿದರೆ ಎನಿಸಲಿ.

ಬಜಾರಿನಲ್ಲಿ ಒಬ್ಬ ಕಾಸರಗೋಡಿನವನ ಅಂಗಡಿ ಸಿಕ್ಕಿತು. ಕನ್ನಡ ಕೇಳಿ ಖುಷಿಯಾಗಿ ಖರ್ಜೂರ ಕೊಟ್ಟ. ಗಸಗಸೆ ಇದೆಯಾ ಎಂದೆ. ಅವನ ಮುಖ ಇಳಿಯಿತು. ಹತ್ತಿರ ಬಂದು ಮೆಲ್ಲಗೆ, ‘ಮೇಡಂ, ಅದು ಇಲ್ಲಿ ಮಾರ್ಲಿಕ್ಕಿಲ್ಲ. ಕೈಯಲ್ಲಿ ಇಟ್ಕೊಂಡ್ರೂ ಜೈಲು. ಇನ್ನು ಯಾರ ಹತ್ರವೂ ಕೇಳ್ಬೇಡಿ’ ಎಂದ. ನನಗೆ ನಿನ್ನ ಮೇಲೆ ನಗು ಬಂತು. ಸದ್ಯ, ಪೊಟ್ಟಣ ವಾಪಸ್ ಕೊಟ್ಟು ಬಂದೆನಲ್ಲ, ಎಂಥ ಬುದ್ಧಿವಂತೆ ನಾನು ಎಂದುಕೊಂಡೆ. ಹೆಗಲ ಮೇಲೆ ಬ್ಯಾಗಿತ್ತು, ಬ್ಯಾಗಿನಲ್ಲಿ ದಿಂಬಿತ್ತು.

ಅದೇ ಗತ್ತಿನಲ್ಲಿ ದೋಣಿಯಲ್ಲಿ ಆಚೆ ದಡಕ್ಕೆ ದಾಟಿ ದರ್ಜಿಯ ಅಂಗಡಿಗೆ ಹೋದೆ. ಹೈದರಾಬಾದಿನ ಮುದುಕ. ಸೂಜಿ ಇದೆಯಂತೆ, ನೋಡಿ ಎಂದು ದಿಂಬು ಕೊಟ್ಟೆ. ಅವನು ಮೇಜಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತುತ್ತಾ ಹೋದ. ಮೂಲೆಗೆ ಬಂದು ನಿಲ್ಲಿಸಿ, ಸೂಜಿ ಇಲ್ಲ, ಒಳಗೆ ಇನ್ನೊಂದು ಚೀಲ ಇದೆ, ಅದರ ಕಾಳು ಬೇರೆ, ಬಹಳ ಸಣ್ಣದು ಎಂದು ಉರ್ದುವಿನಲ್ಲಿ ಹೇಳಿ ಕತ್ತರಿ ಎತ್ತಿಕೊಂಡ. ನಯನ, ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ನಿನ್ನ ಸೂಜಿ, ನಿನ್ನ ಬಿಸಿಲು, ಬಜಾರು ಬೇಡ ಎಂದದ್ದು. ಕತ್ತರಿ ಹೊಲಿಗೆಗೆ ತಾಗಿತ್ತು. ದಿಂಬನ್ನು ಕಿತ್ತುಕೊಂಡೆ. ಅವನು ಏನಂದುಕೊಂಡನೋ, ಹಿಂದೆ ತಿರುಗಿ ನೋಡಲಿಲ್ಲ.

ವಾಪಸ್ ದೋಣಿಯಲ್ಲಿ ನನ್ನ ಪಕ್ಕಕ್ಕೆ ಒಬ್ಬ ಪೊಲೀಸಿನವನು ಬಂದು ಕೂತ. ಡ್ಯೂಟಿ ಮುಗಿಸಿ ಮನೆಗೆ ಹೊರಟವನಿರಬೇಕು, ಫೋನಿನಲ್ಲಿ ಯಾವುದೋ ಮಗುವಿನ ವಿಡಿಯೋ ನೋಡಿ ನಗುತ್ತಿದ್ದ. ಬ್ಯಾಗು ನನ್ನ ತೊಡೆಯ ಮೇಲಿತ್ತು. ನೀರಿಗೆ ಎಸೆಯೋಣ ಎನಿಸಿತು, ಕೈ ಏಳಲಿಲ್ಲ. ಅಷ್ಟು ಚಂದದ ನೀರು. ನನಗೆ ಅದರ ಬಣ್ಣವೂ ನೆನಪಿಲ್ಲ.

ರೂಮಿನ ಬಚ್ಚಲಲ್ಲಿ ಕೂತು ಬಿಚ್ಚಿದೆ. ಗಸಗಸೆಯನ್ನು ಕಮೋಡಿಗೆ ಸುರಿದು ನೀರು ಬಿಟ್ಟೆ. ಹೋಗುವುದಿಲ್ಲ. ತೇಲುತ್ತದೆ, ಅಂಚಿಗೆ ಅಂಟುತ್ತದೆ. ಮತ್ತೆ ಬಿಟ್ಟೆ, ಮತ್ತೆ ಬಿಟ್ಟೆ. ನೆಲದ ಮೇಲೆ, ಉಗುರಿನ ಸಂದಿಯಲ್ಲಿ, ಬ್ಯಾಗಿನ ಹೊಲಿಗೆಯಲ್ಲಿ. ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒತ್ತಿ ತೆಗೆದೆ. ಬ್ಯಾಗನ್ನು ಒಳಗುಹೊರಗು ಮಾಡಿ ತೊಳೆದೆ. ಬಿಚ್ಚಿ ಹರಡಿದಾಗ ದಿಂಬಿನ ಬಟ್ಟೆ, ಅತ್ತೆಯ ಮನೆಯ ಫೋಟೋದಲ್ಲಿ ಪ್ರಿಯಾಂಕ ಚಿಕ್ಕವಳಾಗಿ ಉಟ್ಟಿರುವ ಲಂಗ ಎಂದು ಗೊತ್ತಾಯಿತು. ಅದನ್ನೂ ರಾಗಿಯನ್ನೂ ಬಿಸಾಡಿದೆ. ಆಮೇಲೆ ಫೋನು ನೋಡಿದರೆ ನಿನ್ನ ಕಾಗದಗಳು.

ಬೆಳಿಗ್ಗೆ ಚೆಕಿಂಗಿನಲ್ಲಿ ನನ್ನ ಬ್ಯಾಗನ್ನು ಪಕ್ಕಕ್ಕೆ ಎಳೆದರು. ಒಬ್ಬ ಹೆಂಗಸು ಅತ್ತೆಯ ಡಬ್ಬ ಹೊರಗೆ ತೆಗೆದಳು. ಮುಚ್ಚಳದ ಮೇಲೆ ಕೊರೆಸಿದ ಪುಟ್ಟಮಾದಮ್ಮ ಎಂಬ ಹೆಸರಿನ ಮೇಲೆ ಬೆರಳಾಡಿಸಿ ಇದೇನು ಎಂದಳು. ನನ್ನ ಅತ್ತೆಯ ಹೆಸರು, ಬಾಣಂತಿಗೆ ಸಿಹಿ ಎಂದೆ. ಒಂದು ಉಂಡೆ ಎತ್ತಿ ಮೂಸಿದಳು. ನನ್ನ ಮುಖ ನೋಡಿದಳು. ಮುಚ್ಚಳ ಹಾಕಿ, ಹೋಗು ಎಂದು ಕೈ ಆಡಿಸಿದಳು. ಆ ಉಂಡೆಯೇ ನನ್ನನ್ನು ಕಾಪಾಡಿತು ಎಂದುಕೊಂಡೆ. ಅತ್ತೆ ನಿನ್ನ ಹಾಗಲ್ಲ. ಏನು ಕೊಟ್ಟರೂ ಎದುರಿಗಿಟ್ಟು, ಹೇಳಿ ಕೊಡುತ್ತಾರೆ.

ಇಲ್ಲಿ ಪ್ರಿಯಾಂಕ ನನ್ನನ್ನು ತಬ್ಬಿಕೊಂಡು ಕೇಳಿದ ಮೊದಲ ಮಾತು, ‘ದಿಂಬೆಲ್ಲಿ ಅತ್ತಿಗೆ?’ ಪ್ರಯಾಣ ಹೇಗಿತ್ತು ಎಂದಲ್ಲ. ನಿಮ್ಮ ಮನೆ ಸೇರಿ ಇಷ್ಟು ವರ್ಷವಾಯಿತು. ಅಕ್ಕತಂಗಿಯರ ಗುಟ್ಟು ಹೊರುವ ಕತ್ತೆಯಾಗಿ ಮಾತ್ರ ನಾನು ಬೇಕು. ನೀನು ಬಾಯಿಬಿಟ್ಟು ಇನ್ನೊಂದು ಸಲ ಕೇಳಿದ್ದರೆ ನಾನೇ ನನ್ನ ಬಟ್ಟೆ ತೆಗೆದಿಟ್ಟು ಜಾಗ ಮಾಡುತ್ತಿದ್ದೆ, ಆಗ ಸೂಟ್‌ಕೇಸಿನಲ್ಲೇ ಹೋಗಿ ನಾನು ಸಿಕ್ಕಿಬೀಳುತ್ತಿದ್ದೆನೋ ಏನೋ, ಆದರೂ ಗೊತ್ತಿದ್ದು ಬೀಳುತ್ತಿದ್ದೆ. ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡು. ಅದನ್ನು ಒಳಗಿಟ್ಟು ಹೊಲಿಯುವಾಗ ನಿನ್ನ ಮನಸ್ಸಿನಲ್ಲಿ ನನಗೆ ಕೇಡಾಗಲಿ ಎಂದಿತ್ತೇ? ಸ್ವಲ್ಪವಾದರೂ?

ಅತ್ತೆಗೆ ಏನೂ ಹೇಳಬೇಡ. ಮಗು ಚೆನ್ನಾಗಿದೆ. ನಿನ್ನ ಮೂಗು.

ಮಂಜುಶ್ರೀ


ಪೂರಿಗಾಲಿ
೧೮ ಮೇ ೨೦೨೫

ಅತ್ತಿಗೆಗೆ ನಮಸ್ಕಾರ.

ನೇರವಾಗಿ ಹೇಳುತ್ತೇನೆ. ಕೇಡಾಗಲಿ ಅಂತ ಇರಲಿಲ್ಲ. ಆದರೆ ನಿಮ್ಮ ಕಣ್ಣು ತಪ್ಪಿಸಿ ಹೊಲಿಯುವಾಗ ಗೆದ್ದೆ ಅಂತ ಇತ್ತು. ಅದೂ ತಪ್ಪೇ. ಅದಕ್ಕೆ ನೀವು ಏನು ಬೇಕಾದರೂ ಅನ್ನಿ.

ಅವ್ವನಿಗೆ ಹೇಳಬೇಡ ಅಂದಿರಿ. ನಾನು ಹೇಳಿಬಿಟ್ಟೆ. ನಿಮ್ಮ ಕಾಗದ ಓದಿ ಹೇಳು ಅಂತ ಕೂತಳು, ದಿಂಬು, ಚೆಕಿಂಗ್ ಎಲ್ಲ ಬಿಟ್ಟು ಬಿಟ್ಟು ಓದಿದೆ, ಅತ್ತೆ ನಿನ್ನ ಹಾಗಲ್ಲ ಅನ್ನುವ ಸಾಲಿಗೆ ಬಂದಾಗ ಓದುವುದು ನಿಲ್ಲಿಸಿ ಮೊದಲಿಂದ ಎಲ್ಲ ಹೇಳಿದೆ. ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಬೈಯುತ್ತಾಳೆ ಅಂತ ಕಾದೆ. ಮೊರ ನಿಂತಿತು. ಅದನ್ನು ಕೆಳಗಿಟ್ಟು,

‘ಗಸಗಸೆನಾ ಇಡ್ಯದು? ಅವ್ರು ಡಬ್ಬನೂ ನೋಡುದ್ರಾ?’ ಅಂದಳು.

ನೋಡಿದರು, ಉಂಡೆ ಮೂಸಿ ಬಿಟ್ಟರು ಅಂದೆ.

‘ಉಂಡೆಗೂ ಆಕಿದ್ನಲ್ಲ ಕಣವ್ವಾ. ಉರ್ಕಂಡು, ಕುಟ್ಟಿ, ಕೊಬ್ರಿ ಜೊತೆ ಬೆರೆಸ್ಬುಟ್ಟೆ. ಬಾಣಂತಿ ಒಸಿ ನಿದ್ದೆ ಮಾಡ್ಲಿ ಅಂತ.’

ಅತ್ತಿಗೆ, ನೀವು ಬಚ್ಚಲಲ್ಲಿ ಒಂದೊಂದು ಕಾಳು ಆರಿಸುವಾಗ ಆ ಡಬ್ಬ ರೂಮಿನಲ್ಲೇ ಇತ್ತು. ನಾನು ನಿಮಗೆ ತಿಳಿಸಲಿಲ್ಲ, ತೂಕ ಜಾಸ್ತಿ ಅಂತ ನೀವು ಬೇಡ ಅಂದದ್ದನ್ನು ನೋಡಿದ ಮೇಲೆ ಅವ್ವನೂ ತಿಳಿಸಲಿಲ್ಲವಂತೆ. ಯಾರೂ ಕೇಡು ಬಯಸಲಿಲ್ಲ. ಆದರೂ ನಾವಿಬ್ಬರೂ ಸೇರಿ ನಿಮ್ಮನ್ನು ಆ ಬಾಗಿಲಿಗೆ ಕಳಿಸಿದೆವು.

ನಿಮ್ಮ ವಾಪಸ್ ಟಿಕೆಟ್ಟೂ ಅದೇ ದುಬೈ ಮೇಲೇ ಇದೆ ಅಂತ ಅವ್ವನಿಗೆ ಹೇಳಿದೆ. ಅವ್ವನ ಪಾತ್ರೆಗಳ ವಿಷಯ ನಿಮಗೆ ಗೊತ್ತಲ್ಲ. ಪಕ್ಕದ ಚಿಕ್ಕಬೋರಮ್ಮನ ಮನೆಗೆ ಸಾರು ಕೊಟ್ಟ ಲೋಟವನ್ನು ಕತ್ತಲಾಗುವ ಮುಂಚೆ ಹೋಗಿ ಇಸಿದುಕೊಂಡು ಬರುವವಳು. ಆ ಡಬ್ಬ ಅಪ್ಪ ಇದ್ದಾಗ ಹೆಸರು ಕೊರೆಸಿ ತಂದದ್ದು. ಅದರಲ್ಲಿ ನನಗೂ ಒಂದು ದಿನ ಏನೂ ಹಾಕಿ ಕೊಟ್ಟವಳಲ್ಲ.

ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

‘ಡಬ್ಬ ಅಲ್ಲೇ ಬುಟ್ಬುಡು ಅಂತ ಯೋಳು. ತೊಳ್ದಿದ್ರೂ ತರದ್ ಬ್ಯಾಡ. ನನ್ ಸೊಸೆ ಒಬ್ಳು ಬಂದ್ರೆ ಸಾಕು.’

ನಯನ